ಬಾಯಲ್ಲಿ ಕೆಸರು ಕಚ್ಚಿದ್ದ ಮೀನು

ಅಕ್ಟೋಬರ್ ಹನ್ನೊಂದರ ಬೆಳಿಗ್ಗೆ ಹತ್ತೂವರೆಗೆ ಇಂಚಾನ್ ನಗರದ ಸೋಲ್ಮೆ ಠಾಣೆಗೆ ಒಂದು ದೂರು ಬಂತು. ಬಂತು ಎನ್ನುವುದು ತಪ್ಪು, ನುಗ್ಗಿತು. ದೂರಿನ ಹೆಸರು ಗ್ವಾಕ್ ಮಿರಾನ್, ವಯಸ್ಸು ನಲವತ್ತೊಂದು, ಮಾರುಕಟ್ಟೆಯ ಮೂಲೆಯಲ್ಲಿ ಕಿಂಬಾಪ್ ಎಂಬ ಅನ್ನದ ಸುರುಳಿಯ ಅಂಗಡಿ. ಆಕೆ ಬಾಗಿಲು ತಳ್ಳಿದ ರಭಸಕ್ಕೆ ಗೋಡೆಯ ಗಡಿಯಾರ ಎರಡು ನಿಮಿಷ ಮುಂದೆ ಹೋಯಿತೆಂದು ಠಾಣೆಯಲ್ಲಿ ಇಂದಿಗೂ ಹೇಳುತ್ತಾರೆ. ಆ ಗಡಿಯಾರವನ್ನು ಯಾರೂ ಸರಿಪಡಿಸಿಲ್ಲ, ಬೇಕಾದವರು ಹೋಗಿ ನೋಡಬಹುದು.

ಇನ್‌ಸ್ಪೆಕ್ಟರ್ ಪ್ಯೋ ಗಿನಾಮ್ ಆಗ ತಾನೇ ಎದುರಿನ ಹೋಟೆಲಿನಲ್ಲಿ ಬುಗೊ ಸಾರು ಮುಗಿಸಿ ಬಂದು ಕುಳಿತಿದ್ದರು. ಬುಗೊ ಎಂದರೆ ಮರದ ತುಂಡಿನಂತೆ ಗಟ್ಟಿಯಾಗಿ ಒಣಗಿಸಿದ ಮೀನು. ಅದರ ಸಾರಿಲ್ಲದೆ ಪ್ಯೋ ಅವರಿಗೆ ಬೆಳಗಾಗುತ್ತಿರಲಿಲ್ಲ. ಇನ್ನು ಅವರ ಮೂಗು. ಬಂದರಿಗೆ ಬರುವ ಹಡಗಿನಲ್ಲಿ ಏನು ಸರಕಿದೆ ಎಂದು ಠಾಣೆಯ ಕಿಟಕಿಯಲ್ಲೇ ನಿಂತು ಹೇಳಬಲ್ಲ ಮೂಗು ಅದು. ಸುಂಕದ ಇಲಾಖೆಯವರು ಆ ಮೂಗನ್ನು ಎರವಲು ಕೇಳಿದ್ದರೆಂಬುದು ಸುಳ್ಳಿರಬಹುದು, ಆದರೆ ಪ್ಯೋ ಅವರು ಅದನ್ನು ಯಾವತ್ತೂ ಅಲ್ಲಗಳೆದವರಲ್ಲ.

"ಕೂತ್ಕೊಳ್ಳಿ ಅಕ್ಕ. ಏನಾಯ್ತು?"

"ಕಾರು ಸತ್ತೋಯ್ತು ಸಾರ್."

"ಎಲ್ಲಿ?"

"ಸುರಂಗದ ನಟ್ಟ ನಡುವೆ. ಲೈಟಿಲ್ಲ, ಹಾರ್ನಿಲ್ಲ, ಬಾಗಿಲು ತೆಗೆಯೋಕಾಗ್ತಿಲ್ಲ. ಹಿಂದಿಂದ ಲಾರಿಗಳು ಬರ್ತಾ ಇವೆ. ಪಕ್ಕದ ಸೀಟಲ್ಲಿ ನಮ್ಮತ್ತೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗಬೇಕು, ಅದಕ್ಕೇ ಅಂತ ತಗೊಂಡ ಕಾರು. ಅಗ್ನಿಶಾಮಕದವರು ಗಾಜು ಒಡೆದು ಮುದುಕೀನ ಮೂಟೆ ಥರ ಎಳ್ಕೊಂಡ್ರು."

"ಕಾರು ಹೊಸದಾ, ಹಳೇದಾ?"

"ಹಳೇದು. ಬಿಳಿ ಸೆಡಾನ್. ತಗೊಂಡು ಮೂರು ವಾರ."

ಮಾರಿದವನು ಹಾನ್‌ಬಿತ್ ಸೆಕೆಂಡ್ ಹ್ಯಾಂಡ್ ಕಾರು ಸಂಕೀರ್ಣದ ವ್ಯಾಪಾರಿ ಮೇಂಗ್ ಹಕ್‌ಚೊಲ್. ಮಿರಾನ್ ಅವನ ಬಳಿ ಜಗಳಕ್ಕೆ ಹೋದಾಗ ಮೆಕ್ಯಾನಿಕ್ ಒಬ್ಬನು ಬಾನೆಟ್ ಎತ್ತಿ, ತಂತಿಗಳೆಲ್ಲ ನೀರು ಕುಡಿದಿವೆ ಎಂದಿದ್ದ. ಮೇಂಗ್ ಅದನ್ನೇ ಹಿಡಿದುಕೊಂಡ. ನೀವೇ ಮಳೆನೀರಿನಲ್ಲಿ ಓಡಿಸಿ ಹಾಳು ಮಾಡಿ ಈಗ ನನ್ನ ತಲೆಗೆ ಕಟ್ಟುತ್ತೀರಾ, ನಿಮ್ಮ ಮೇಲೆಯೇ ಮಾನನಷ್ಟದ ಕೇಸು ಹಾಕುತ್ತೇನೆ ಎಂದ. ಅಷ್ಟೇ ಅಲ್ಲ, ಮಾರುಕಟ್ಟೆಯ ತುಂಬ ಆಕೆಯನ್ನು ಸುಳ್ಳುಗಾತಿ ಎಂದು ಸಾರಿಬಿಟ್ಟಿದ್ದ. ಕಿಂಬಾಪ್ ಕೊಳ್ಳಲು ಬಂದವರೂ ಈಗ, "ಏನಕ್ಕ, ಕಾರನ್ನ ಈಜೋಕೆ ಬಿಟ್ಟಿದ್ದೆಯಂತೆ?" ಎಂದು ನಗುತ್ತಿದ್ದರು.

"ನಮ್ಮತ್ತೆಯೂ ನಂಬ್ತಿಲ್ಲ ಸಾರ್," ಎಂದಳು ಮಿರಾನ್. ಮೊದಲ ಸಲ ಆಕೆಯ ದನಿ ತಗ್ಗಿತು. "ನಾನೇ ಎಲ್ಲೋ ನೀರಿಗೆ ಇಳಿಸಿದೆ ಅಂತಾರೆ. ನಿನ್ ಜೊತೆ ಕಾರು ಹತ್ತಲ್ಲ, ಸತ್ರೂ ಮನೇಲೇ ಸಾಯ್ತೀನಿ ಅಂತ ನಿನ್ನೆ ಡಯಾಲಿಸಿಸ್‌ಗೇ ಹೋಗಿಲ್ಲ."

ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಠಾಣೆಯ ಹಿತ್ತಲಿನಲ್ಲಿ, ಮಿರಾನ್ ಮತ್ತು ಇಬ್ಬರು ಪಂಚರ ಎದುರು ಕಾರಿನ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ಓಕ್ ಸೋಜಿನ್ ಬರೆದುಕೊಳ್ಳಲು ನಿಂತಳು. ಓಕ್ ಎಂದರೆ ಸಾಮಾನ್ಯಳಲ್ಲ. ಆಕೆ ಒಮ್ಮೆ ದಿಟ್ಟಿಸಿ ನೋಡಿದರೆ ಕಳ್ಳರು ತಾವು ಕದಿಯದಿದ್ದುದನ್ನೂ ಒಪ್ಪಿಕೊಳ್ಳುತ್ತಿದ್ದರು.

ಮುಳುಗಿದ ಕಾರನ್ನು ಹಿಡಿಯುವ ಬಗೆ ಊರಿಗೆಲ್ಲ ಗೊತ್ತು. ಸೀಟ್ ಬೆಲ್ಟನ್ನು ತುದಿಯವರೆಗೂ ಎಳೆದರೆ ಕೊನೆಯಲ್ಲಿ ಕೆಸರಿನ ಕಲೆ ಸಿಗುತ್ತದೆ. ಪ್ಯೋ ಎಳೆದರು. ಬೆಲ್ಟು ಮದುವಣಗಿತ್ತಿಯ ರಿಬ್ಬನ್ನಿನಂತೆ ಬಂತು, ಕೊನೆಯವರೆಗೂ ಮಿರಮಿರ. ನೆಲಹಾಸು ಎತ್ತಿದರು. ಹೊಚ್ಚ ಹೊಸದು. ಪೆಡಲುಗಳ ಹಿಂದೆ, ಸೀಟಿನ ಹಳಿಗಳ ಕೆಳಗೆ ಬೆರಳಾಡಿಸಿದರು. ತಟ್ಟೆಯಿಲ್ಲದೆ ಊಟ ಮಾಡುವಷ್ಟು ಶುಭ್ರ. ಒಳಗೆಲ್ಲ ಶೋರೂಮಿನಿಂದ ಈಗ ತಾನೇ ಇಳಿಸಿದ ಕಾರಿನ ವಾಸನೆ.

"ಬರೀಲಾ ಸಾರ್, ದೋಷ ಕಂಡುಬಂದಿಲ್ಲ ಅಂತ?" ಎಂದಳು ಓಕ್.

"ತಡಿ."

ಪ್ಯೋ ಡಿಕ್ಕಿಯಲ್ಲಿ ತಲೆ ತೂರಿಸಿದರು. ಹೊಸತನದ ಆ ವಾಸನೆಯ ತಳದಲ್ಲಿ, ಬಹಳ ಕೆಳಗೆ, ಇನ್ನೊಂದು ವಾಸನೆ ಮಲಗಿತ್ತು. ಸತ್ತ ಅಲೆ, ಹಳೆಯ ಚರಂಡಿ, ವರ್ಷಗಟ್ಟಲೆ ಒಗೆಯದ ಕಾಲುಚೀಲ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದಂತೆ. ಅವರು ಸ್ಟೆಪ್ನಿ ಎತ್ತಿಸಿದರು, ಅಲ್ಲಿಲ್ಲ. ಎಡಬದಿಯ ಒಳತಗಡನ್ನು ಬಿಚ್ಚಿಸಿದರು. ತಗಡು ಕಳಚಿದ ಕ್ಷಣ ಪಂಚರಲ್ಲೊಬ್ಬ ಗೋಡೆ ಹತ್ತಿದ. ಮತ್ತೊಬ್ಬ ತಿಂದದ್ದನ್ನೆಲ್ಲ ಹಿತ್ತಲಿಗೆ ಕೊಟ್ಟ. ಬಂದರಿನಿಂದ ಬಂದಿದ್ದ ಕಡಲಹಕ್ಕಿಗಳು ಸಹ ಎದ್ದು ಚೀನಾದ ದಿಕ್ಕಿಗೆ ಹಾರಿಹೋದವು.

ಅಲ್ಲಿ ಒಂದು ಬುಗೊ ಇತ್ತು.

ಹೊಸ ಕಾರು ಕೊಂಡವರು ಅದಕ್ಕೆ ಪೂಜೆ ಮಾಡಿಸುವುದು, ಹಂದಿಯ ತಲೆಯಿಟ್ಟು, ಚಕ್ರಗಳಿಗೆ ಅಕ್ಕಿಹೆಂಡ ಸುರಿದು, ಬುಗೊ ಮೀನಿಗೆ ಬಿಳಿ ದಾರ ಸುತ್ತಿ ಡಿಕ್ಕಿಯ ಯಾವುದೋ ಮೂಲೆಯಲ್ಲಿ ಸಿಕ್ಕಿಸುವುದು ಇಲ್ಲಿ ಯಾರೂ ವಿಚಿತ್ರವೆಂದು ನೋಡುವ ಸಂಗತಿಯಲ್ಲ. ಮೀನು ಕಣ್ಣು ಮುಚ್ಚದೆ ದಾರಿ ಕಾಯುತ್ತದೆ. ಆದರೆ ಈ ಮೀನು ಕಾಯುವ ಸ್ಥಿತಿಯಲ್ಲಿರಲಿಲ್ಲ. ಒಮ್ಮೆ ನೀರು ಕುಡಿದು ಉಬ್ಬಿ, ಕೊಳೆತು, ಮತ್ತೆ ಒಣಗಿತ್ತು. ಎಡಗಣ್ಣಿಲ್ಲ. ತೆರೆದ ಬಾಯಿಯ ತುಂಬ ಕಪ್ಪು ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅದರ ಮೈಗೆ ಸುತ್ತಿದ ದಾರ ಮಾತ್ರ ಹಾಲಿನಷ್ಟು ಬಿಳಿ.

ಪ್ಯೋ ಮೂಗಿಗೆ ಕರವಸ್ತ್ರ ಹಿಡಿದು ಬಹಳ ಹೊತ್ತು ನೋಡಿದರು. ಅವರ ಹೊಟ್ಟೆಯಲ್ಲಿದ್ದ ಬೆಳಗಿನ ಸಾರು ನೆಂಟನನ್ನು ಕಂಡಂತೆ ಒಮ್ಮೆ ಎದ್ದು ನಿಂತಿತು.

"ಅಕ್ಕ, ಇದು ನಿಮ್ಮದಾ?"

"ಶಿವಶಿವಾ ಅನ್ನೋಕೂ ಆಗದವಳು ನಾನು," ಎಂದಳು ಮಿರಾನ್, ಸೆರಗಿಲ್ಲದ್ದಕ್ಕೆ ಮೂಗಿಗೆ ಏಪ್ರನ್ ಒತ್ತಿಕೊಂಡು. "ಚರ್ಚಿನಲ್ಲಿ ಮಹಿಳಾ ಸಂಘದ ಮುಖ್ಯಸ್ಥೆ ಸಾರ್. ಮೀನಿಗೆ ದಾರ ಕಟ್ಟಿದ್ರೆ ಪಾದ್ರಿಗಳು ನನ್ನನ್ನೇ ಕಟ್ಟಿ ಹಾಕ್ತಾರೆ."

"ಸರಿ. ಹಾಗಾದ್ರೆ ನಿಮಗಿಂತ ಮುಂಚಿನದು. ಕೆಸರೂ ನಿಮಗಿಂತ ಮುಂಚಿನದು," ಎಂದರು ಪ್ಯೋ. ಓಕ್ ಮೀನನ್ನು ಮೂರು ಚೀಲಗಳಲ್ಲಿ ಒಂದರೊಳಗೊಂದು ಹಾಕಿ ಮೊಹರು ಮಾಡಿದಳು. ಆದರೂ ಆ ವಾರ ಮಾಲುಗಳ ಕೋಣೆಗೆ ಇಲಿ ಕೂಡ ಕಾಲಿಡಲಿಲ್ಲ.

ಹನ್ನೆರಡನೆಯ ತಾರೀಖು ಕಾರಿನ ಮೊದಲ ಮಾಲೀಕನ ಮನೆ. ತಾಕ್ ಯಂಗ್‌ಹೊ, ನದಿಯಂಚಿನ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ವಾಸ, ಶಾಲಾ ಮೇಷ್ಟ್ರು. ಆಗಸ್ಟಿನಲ್ಲಿ ಆ ಬಡಾವಣೆಗೆ ನೀರು ನುಗ್ಗಿದ್ದು ಎಲ್ಲರಿಗೂ ಗೊತ್ತಿತ್ತು.

"ನಿಮ್ಮ ಕಾರು ಮುಳುಗಿತ್ತಾ?"

"ಇಲ್ಲ."

"ಎಲ್ಲಿ ನಿಲ್ಸಿದ್ರಿ?"

"ಗುಡ್ಡದ ಮೇಲೆ. ಶಾಲೆ ಹತ್ರ."

"ವಿಮೆಗೆ ಅರ್ಜಿ ಹಾಕಿಲ್ಲ?"

"ಮುಳುಗೇ ಇಲ್ಲ ಅಂದ್ಮೇಲೆ ಅರ್ಜಿ ಯಾಕೆ ಸಾರ್? ಅಲ್ದೆ ನಂದು ಬರೀ ಎದುರಿನವರ ನಷ್ಟದ ವಿಮೆ."

ಮೇಷ್ಟ್ರ ಉತ್ತರಗಳು ಪಾಠ ಒಪ್ಪಿಸಿದಂತೆ ಬರುತ್ತಿದ್ದವು. ಪ್ಯೋ ತಂದಿದ್ದ ಮೀನಿನ ಚೀಲದ ಬಾಯನ್ನು ಸ್ವಲ್ಪವೇ ತೆರೆದರು. ಒಳಕೋಣೆಯಿಂದ ಮೇಷ್ಟ್ರ ತಾಯಿ, ಎಂಬತ್ತು ದಾಟಿದ ಮುದುಕಿ, ಯಾರೋ ಕರೆದಂತೆ ಎದ್ದು ಬಂದಳು.

"ಅಯ್ಯೋ, ನನ್ನ ಬುಗೊ! ಎಲ್ಲಪ್ಪ ಸಿಕ್ತು ಇದು?"

"ನಿಮ್ಮದೇ ಅಂತ ಹೇಗೆ ಗೊತ್ತು ಅಜ್ಜಿ?"

"ಒಂದು ಕಣ್ಣಿಲ್ಲ ನೋಡು. ಎರಡು ಕಣ್ಣಿಂದು ಕೊಡು ಅಂದೆ, ಅಂಗಡಿಯೋನು ಇದೇ ಕೊನೇದು ಅಂದ. ಒಂದೇ ಕಣ್ಣಾದ್ರೂ ನೆಟ್ಟಗೆ ನೋಡ್ಲಿ ಅಂತ ತಂದೆ." ಆಕೆ ಮೀನನ್ನು ಮೊಮ್ಮಗುವಿನಂತೆ ತಿರುಗಿಸಿ ನೋಡಿದಳು. ಆ ವಾಸನೆ ಅವಳ ಹತ್ತಿರ ಸುಳಿಯಲಿಲ್ಲವೋ, ಸುಳಿದು ಹೆದರಿ ಹೋಯಿತೋ. "ಪಾಪ, ಬಾಯಿ ತುಂಬ ಕೆಸರು. ಆವತ್ತು ನೆಲಮಾಳಿಗೇಲಿ ಕಾರು ಪೂರಾ ಮುಳುಗಿತ್ತಲ್ಲ, ಆಗ ಕುಡಿದಿರೋದು. ಕಕ್ಕಸಿನ ಗುಂಡಿ ಬೇರೆ ಒಡೆದಿತ್ತು..."

"ಅಮ್ಮಾ!" ಎಂದ ಮೇಷ್ಟ್ರು.

"ಏನೋ? ಮುಳುಗಲಿಲ್ವಾ? ಮೂರು ದಿನ ಮುಳುಗಿತ್ತಲ್ಲೋ!"

ಮೇಷ್ಟ್ರ ಮುಖ ಅಳಿಸಿದ ಕಪ್ಪುಹಲಗೆಯಾಯಿತು.

"ಆದ್ರೆ ಈ ದಾರ ನಂದಲ್ಲ," ಎಂದು ಮುದುಕಿ ಮುಂದುವರಿಸಿದಳು. "ನಾನು ಕಟ್ಟಿದ್ದು ಹತ್ತಿ ದಾರ. ಇದು ಮೇಣ ಹಚ್ಚಿದ್ದು, ಚರ್ಮ ಹೊಲಿಯೋದು. ಗಂಟೂ ನಂದಲ್ಲ. ಯಾರೋ ಬಿಚ್ಚಿ ಮತ್ತೆ ಕಟ್ಟಿದಾರೆ. ಒಳ್ಳೆ ಮನುಷ್ಯ ಇರ್ಬೇಕು."

ಒಳ್ಳೆಯ ಮನುಷ್ಯ! ಪ್ಯೋ ಅವರಿಗೆ ಮೀನಿಗಿಂತ ಆ ಮಾತು ಹೆಚ್ಚು ನಾರಿತು. ಮೇಷ್ಟ್ರು ತಲೆ ತಗ್ಗಿಸಿ ಹೇಳಿಕೆ ಕೊಟ್ಟ. ನೀರಿಳಿದ ಮರುದಿನವೇ ಮೇಂಗ್ ಬಡಾವಣೆಗೆ ಬಂದಿದ್ದ. ನೀವು ನೋಡಲಿಲ್ಲ, ನಾನು ಕೇಳಲಿಲ್ಲ ಎಂದು ಹೇಳಿ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿದ್ದ.

"ಅದನ್ನ ಯಾರಾದ್ರೂ ಹೆಂಗಸು, ಮಕ್ಕಳು ಹತ್ತಬಹುದು ಅಂತ ಹೊಳೀಲಿಲ್ವಾ ಮೇಷ್ಟ್ರೇ?"

"ಗುಜರಿಗೆ ಹಾಕ್ತಾರೆ ಅಂದ್ಕೊಂಡೆ."

"ಅಂದ್ಕೊಂಡ್ರಾ, ಅಂದ್ಕೊಳ್ಳೋಣ ಅಂದ್ಕೊಂಡ್ರಾ?"

ಮೇಷ್ಟ್ರು ಹೇಳಿಕೆಯ ಹಾಳೆಯನ್ನು ಎಳೆದುಕೊಂಡು ಸಹಿ ಹಾಕಿದ.

ಇಷ್ಟರಿಂದ ಮೇಂಗ್ ಸಿಕ್ಕಿಬೀಳುತ್ತಿದ್ದ. ಆದರೆ ಮುಳುಗಿದ್ದ ಕಾರನ್ನು ಮದುವಣಗಿತ್ತಿ ಮಾಡಿದ ಕೈ ಯಾವುದು, ಆ ಕೈಯಿಂದ ಇನ್ನೆಷ್ಟು ಕಾರುಗಳು ಹೊರಟಿವೆ ಎಂಬುದು ತಿಳಿಯಬೇಕಿತ್ತು. ಹದಿಮೂರರಂದು ಪ್ಯೋ ಮತ್ತು ಓಕ್ ಗಂಡಹೆಂಡಿರ ವೇಷದಲ್ಲಿ ಹೊರಟರು.

"ಸಂಸಾರ ಮಾಡಿ ಸವೆದ ಮುಖ ಮಾಡಿ ಸಾರ್," ಎಂದಳು ಓಕ್ ದಾರಿಯಲ್ಲಿ. "ಸೆಲ್ಯೂಟ್ ಹೊಡೆಸ್ಕೊಳ್ಳೋ ಮುಖ ಬೇಡ."

"ನನ್ನ ಮನೇಲಿ ನಾನೇ ಸೆಲ್ಯೂಟ್ ಹೊಡೆಯೋದು ಕಣಮ್ಮ."

ಮೊದಲು ಹೋದದ್ದು ಹೊಸ ಕಾರಿನ ಶೋರೂಮಿಗೆ. ಹಳೆಯದನ್ನು ಅಳೆಯಬೇಕಾದರೆ ಹೊಸದು ಹೇಗಿರುತ್ತದೆಂದು ಮೈಗೆ ಗೊತ್ತಿರಬೇಕು ಎಂಬುದು ಪ್ಯೋ ಅವರ ವಾದ. ಅದೇ ಬಿಳಿ ಸೆಡಾನ್, ದೇಶದ ಅರ್ಧ ಅಪ್ಪಂದಿರು ಓಡಿಸುವಂಥದ್ದು. ಬಾಗಿಲು ತೆಗೆದು ಹಾಕಿದರು, ಹಿಂದಿನ ಸೀಟಿನಲ್ಲಿ ಮೂವರು ಕೂರುವ ಜಾಗ ಮೊಣಕಾಲಿನಿಂದ ಅಳೆದರು, ಡಿಕ್ಕಿಯಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ ಎಂದು ವಿಚಾರಿಸಿದರು. ಪ್ಯೋ ಒಳಗೆ ಕೂತು ಉಸಿರೆಳೆದ ರಭಸಕ್ಕೆ ಮಾರಾಟದ ಹುಡುಗಿಯ ಟೈ ಕಿಟಕಿಯೊಳಗೆ ಬಂತು. ಅಂಟಿನ ವಾಸನೆ, ರಬ್ಬರು, ಸ್ವಲ್ಪ ಎಣ್ಣೆ, ಯಾರೋ ಕಾರ್ಮಿಕ ತಿಂದಿದ್ದ ಬೆಳ್ಳುಳ್ಳಿ. ಸ್ಟೇರಿಂಗಿನ ಚರ್ಮಕ್ಕೆ ಕಪ್ಪು ದಾರದ ಹೊಲಿಗೆ.

ಅಲ್ಲಿಂದ ಹಾನ್‌ಬಿತ್. ಮೇಂಗ್ ಹಕ್‌ಚೊಲ್ ಅವರನ್ನು ನೋಡಿದ ತಕ್ಷಣ ನಡು ಮುರಿಯುವಷ್ಟು ಬಗ್ಗಿದ. ಅವನ ನಗುವಿನಲ್ಲಿ ಹಲ್ಲುಗಳು ಮನುಷ್ಯರಿಗಿರುವುದಕ್ಕಿಂತ ಜಾಸ್ತಿ ಇದ್ದವು.

"ಬನ್ನಿ ಯಜಮಾನ್ರೇ, ಬನ್ನಿ ಅಕ್ಕ! ಹೊಸದು ನೋಡ್ಕೊಂಡು ಬಂದ್ರಾ? ಒಳ್ಳೇದೇ ಆಯ್ತು. ಅದನ್ನ ನೋಡಿದ ಕಣ್ಣಲ್ಲೇ ಇದನ್ನ ನೋಡಿ. ವ್ಯತ್ಯಾಸ ಹೇಳಿದ್ರೆ ಕಾರು ನಿಮಗೆ ಬಿಟ್ಟಿ."

ಸಾಲಾಗಿ ನಿಂತ ಐದು ಬಿಳಿ ಸೆಡಾನ್‌ಗಳಲ್ಲಿ ಮಧ್ಯದ್ದಕ್ಕೆ ಪ್ಯೋ ಹತ್ತಿದರು. ಬಾಗಿಲು ಹಾಕಿದರು. ಉಸಿರೆಳೆದರು. ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಸವರಿದರು. ಇಂಚಾನ್ ಬಂದರನ್ನೇ ಹಿಡಿದಿಟ್ಟಿದ್ದ ಆ ಮಹಾ ಮೂಗಿಗೆ ಶೋರೂಮಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ.

"ಅಬ್ಬಾ, ಹೊಸದೇ ಅನ್ನೋ ಹಾಗಿದೆಯಲ್ಲ!" ಎಂದರು ಪ್ಯೋ. ನಾಟಕಕ್ಕೆ ಅಂದದ್ದಲ್ಲ. ಮನಸ್ಸಿನಿಂದಲೇ ಬಂದ ಮಾತು.

ಪಕ್ಕದ ಕಂಬದ ಹಿಂದೆ ರಬ್ಬರ್ ಬೂಟು ತೊಟ್ಟು ಗಾಜು ಒರೆಸುತ್ತಿದ್ದ ಮುದುಕನೊಬ್ಬ ಕೈ ನಿಲ್ಲಿಸಿದ. ಸ್ವಲ್ಪ ಹೊತ್ತು ಹಾಗೆಯೇ ನಿಂತು ಮತ್ತೆ ಒರೆಸತೊಡಗಿದ.

ಓಕ್ ಪಕ್ಕದ ಸೀಟಿನಿಂದ ಬಾಗಿ ಸ್ಟೇರಿಂಗ್ ಮುಟ್ಟಿದಳು. "ಏನ್ರೀ, ಅಲ್ಲಿ ಕಪ್ಪು ಹೊಲಿಗೆ ಇತ್ತಲ್ಲ? ಇಲ್ಲಿ ಬಿಳಿ ದಾರ. ಮೇಣ ಹಚ್ಚಿದ ದಾರ."

ಪ್ಯೋ ನೋಡಿದರು. ಪಕ್ಕದ ಕಾರಿನ ಸ್ಟೇರಿಂಗೂ ಬಿಳಿ ಹೊಲಿಗೆ. ಅದರಾಚೆಯದೂ. ನೀರು ಕುಡಿದ ಚರ್ಮ ಬೂಷ್ಟು ಹಿಡಿಯುತ್ತದೆ, ಅದನ್ನು ಕಿತ್ತು ಹೊಸದು ಹೊಲಿಯಬೇಕಾಗುತ್ತದೆ. ಅವರಿಗೆ ತಮ್ಮ ಮೂಗನ್ನು ಕಿತ್ತು ಕಿಸೆಯಲ್ಲಿಟ್ಟುಕೊಳ್ಳಬೇಕೆನಿಸಿತು.

"ಎಷ್ಟು ಚೆನ್ನಾಗಿ ಹೊಲ್ದಿದಾರೆ," ಎಂದಳು ಓಕ್ ಮೇಂಗ್‌ಗೆ. "ಯಾರ ಕೈ ಇದು?"

"ನಮ್ಮ ಬೊಂಗ್ ಅಣ್ಣಂದು! ಮಾಂತ್ರಿಕ ಅಕ್ಕ ಅವನು, ಹೆಣಕ್ಕೆ ಎಣ್ಣೆ ಹಚ್ಚಿ ಮದುವೆಗೆ ಕಳಿಸ್ತಾನೆ!" ಎಂದು ಮೇಂಗ್ ನಕ್ಕ. ಕಂಬದ ಹಿಂದೆ ಈಗ ಯಾರೂ ಇರಲಿಲ್ಲ.

ಓಕ್ ಇಳಿಯುವಾಗ ಉಗುರು ಕತ್ತರಿಯಿಂದ ಒಂದು ತುಂಡು ದಾರ ಕತ್ತರಿಸಿಕೊಂಡಿದ್ದಳು. ಪ್ರಯೋಗಾಲಯದವರು ಮರುದಿನ ಮಧ್ಯಾಹ್ನ ಫೋನ್ ಮಾಡಿ ಇದೂ ಮೀನಿಗೆ ಸುತ್ತಿದ್ದೂ ಒಂದೇ ದಾರ ಎಂದರು. ಮೀನು ಕಳಿಸಿದ್ದಕ್ಕಾಗಿ ಠಾಣೆಯ ವಂಶವನ್ನೇ ಬಯ್ದರು ಎಂಬುದೂ ದಾಖಲಾಗಿದೆ.

ಹದಿನಾಲ್ಕರ ಮಧ್ಯಾಹ್ನ ಮೂರಕ್ಕೆ ಶೋಧನಾ ವಾರಂಟಿನೊಂದಿಗೆ ಹಾನ್‌ಬಿತ್ ಮೇಲೆ ದಾಳಿ. ಪ್ಯೋ ಐದೂ ಕಾರುಗಳ ಡಿಕ್ಕಿಯ ಎಡಬದಿ ಬಿಚ್ಚಿಸಿದರು. ಮೂರರಲ್ಲಿ ಬುಗೊ ಇತ್ತು. ಮೂರರ ಬಾಯಲ್ಲೂ ಕೆಸರು, ಮೂರಕ್ಕೂ ಹೊಸ ಬಿಳಿ ದಾರ. ಸಂಕೀರ್ಣದಲ್ಲಿ ಕಾರು ನೋಡಲು ಬಂದಿದ್ದ ಜನ ಮೂಗು ಮುಚ್ಚಿ ಓಡಿದ ಪರಿಗೆ ಒಂಟಿ ಚಪ್ಪಲಿಗಳನ್ನು ಗುಡಿಸಿ ಎರಡು ಲಾರಿ ತುಂಬಬೇಕಾಯಿತು.

ಆಮೇಲೆ ಪ್ಯೋ ಡ್ಯಾಶ್‌ಬೋರ್ಡುಗಳನ್ನೂ ಬಿಚ್ಚಿಸಿದರು. ಇಲ್ಲಿ ಯಾರೂ ಓಡಲಿಲ್ಲ. ಏರ್‌ಬ್ಯಾಗ್ ಇರಬೇಕಾದ ಗೂಡುಗಳಲ್ಲಿ ಹಳೆಯ ಬಟ್ಟೆ ತುರುಕಿತ್ತು.

ಪ್ಯೋ ಠಾಣೆಗೆ ಫೋನ್ ಮಾಡಿ ಮಿರಾನ್ ಅವರ ಕಾರನ್ನೂ ಬಿಚ್ಚಿ ನೋಡಿ ಎಂದರು. ಹತ್ತು ನಿಮಿಷದ ನಂತರ ಉತ್ತರ ಬಂತು. ಮುಂದಿನ ಎಡಸೀಟು ಚಾಲಕನದು, ಅದರೆದುರಿನ ಗೂಡಿನಲ್ಲಿ ಕೈಗವಸುಗಳ ಕಟ್ಟು. ಬಲಸೀಟು, ಅತ್ತೆ ಕೂರುವ ಜಾಗ, ಅಲ್ಲಿ ಸ್ನಾನಗೃಹದ ಟವೆಲು. ಟವೆಲು ಇನ್ನೂ ಒದ್ದೆಯಿತ್ತು.

ಮೇಂಗ್‌ನನ್ನು ಅಲ್ಲಿಯೇ ಬಂಧಿಸಿದರು. ಅವನ ಹಲ್ಲುಗಳೆಲ್ಲ ಒಮ್ಮೆಲೇ ಒಳಗೆ ಹೋದವು. "ನಂಗೇನೂ ಗೊತ್ತಿಲ್ಲ ಸಾರ್, ಎಲ್ಲಾ ಬೊಂಗ್ ಅಣ್ಣಂದು! ನಾನು ತರ್ತೀನಿ, ಮಾರ್ತೀನಿ ಅಷ್ಟೇ!"

"ತರೋದು, ಮಾರೋದು ಬಿಟ್ಟು ಇನ್ನೇನು ಉಳೀತು ನಿಂಗೆ ಮಾಡೋಕೆ? ನಡಿ," ಎಂದಳು ಓಕ್.

ಬೊಂಗ್ ದಲ್ಸು, ಅರವತ್ನಾಲ್ಕು, ಸಂಕೀರ್ಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಿಕ್ಕ. ಓಡಿಹೋಗಿರಲಿಲ್ಲ. ರಬ್ಬರ್ ಬೂಟು ತೊಟ್ಟು ಸ್ಟೂಲಿನ ಮೇಲೆ ಕುಳಿತು ಸ್ಟೇರಿಂಗ್ ಒಂದಕ್ಕೆ ಚರ್ಮ ಹೊಲಿಯುತ್ತಿದ್ದ. ಸುತ್ತ ಕೆಸರು ಒಗೆದ ನೀರಿನ ಪೀಪಾಯಿಗಳು, ಅವುಗಳ ಮೇಲೆ ಹಸಿರು ನೊರೆ. ಗೋಡೆಗೆ ಒರಗಿಸಿದ್ದ ಡಬ್ಬಗಳ ತುಂಬ ಆತನೇ ಬೆರೆಸಿದ ಹೊಸ ಕಾರಿನ ವಾಸನೆ. ಕೊಳೆತದ್ದೂ ಹೊಸದೂ ಒಂದೇ ಗಾಳಿಯಲ್ಲಿ ಕಲೆತು ಗಂಟಲಿಗೆ ಇಳಿಯುತ್ತಿತ್ತು. ಪ್ಯೋ ಬಾಗಿಲಲ್ಲೇ ನಿಂತು ಒಮ್ಮೆ ಹೊರಗೆ ಹೋಗಿ ಉಗಿದು ಬಂದರು.

"ಬೊಂಗ್ ದಲ್ಸು?"

"ಹೌದು ಸಾರ್."

"ಈ ದಾರ ನಿಂದಾ?"

"ನಂದೇ."

"ಏರ್‌ಬ್ಯಾಗ್ ಎಲ್ಲಿ?"

"ಒಳಗೆ ನೀರು ಹೋಗಿತ್ತು. ಕಿತ್ತು ಬಿಸಾಕಿದೆ. ಹೊಸದು ಹಾಕೋಕೆ ಮೇಂಗ್ ಒಪ್ಪಲ್ಲ."

"ಬೆಲ್ಟು, ನೆಲಹಾಸು, ಎಲ್ಲಾ ಕಿತ್ತು ಬಿಸಾಕಿದೀಯ. ಮೀನನ್ನ ಯಾಕೆ ಬಿಸಾಕಲಿಲ್ಲ?"

ಬೊಂಗ್ ಸೂಜಿ ಕೆಳಗಿಟ್ಟ. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಬಹುದೇ ಎಂಬಂತೆ ಅವರನ್ನು ನೋಡಿದ. "ಪೂಜೆಯ ಮೀನು ಸಾರ್. ಅದನ್ನ ಬಿಸಾಕಿದ್ರೆ ಆ ಕಾರಲ್ಲಿ ಹೋಗೋರಿಗೆ ಒಳ್ಳೇದಾಗಲ್ಲ. ಕೊಳೆತ ದಾರ ಬಿಚ್ಚಿ, ಹೊಸದು ಕಟ್ಟಿ, ಒಂದು ಬಟ್ಟಲು ಸೋಜು ಹೆಂಡ ಸುರಿದು ತಪ್ಪಾಯ್ತು ಅಂತ ಕೇಳ್ಕೊಂಡು ಇಟ್ಟಲ್ಲೇ ಇಟ್ಟೆ."

"ಏರ್‌ಬ್ಯಾಗ್ ಬಿಸಾಕಿದ್ರೆ?" ಎಂದಳು ಓಕ್. "ಆ ಕಾರಲ್ಲಿ ಹೋಗೋರಿಗೆ ಏನಾಗುತ್ತೆ ಬೊಂಗ್ ಅಜ್ಜ?"

ಪೀಪಾಯಿಯ ನೊರೆಯಲ್ಲಿ ಒಂದು ಗುಳ್ಳೆ ಒಡೆಯಿತು.

ಬಂಧನ ಸಂಜೆ ಐದಕ್ಕೆ. ಅದೇ ಸಂಜೆ ಮಿರಾನ್ ಅವರನ್ನೂ ಅತ್ತೆಯನ್ನೂ ಠಾಣೆಗೆ ಕರೆಸಿ ಟವೆಲು ತೋರಿಸಲಾಯಿತು. ಅತ್ತೆ ಅದನ್ನು ದೂರದಿಂದಲೇ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗದೆಯೇ, "ನಾಳೆ ಎಷ್ಟು ಗಂಟೆಗೆ ಡಯಾಲಿಸಿಸ್?" ಎಂದಳು.

"ಒಂಬತ್ತಕ್ಕೆ ಅತ್ತೆ. ಬಸ್ಸಲ್ಲಿ ಹೋಗಬೇಕು."

"ಬಸ್ಸಲ್ಲೇ ಹೋಗೋಣ. ನೀನು ಕೈ ಹಿಡ್ಕೋ ಸಾಕು."

ಬೊಂಗ್‌ನ ಹೇಳಿಕೆ ಬರೆದುಕೊಳ್ಳುವಾಗ ಪ್ಯೋ ಕೊನೆಯ ಪ್ರಶ್ನೆ ಕೇಳಿದರು. ಮೇಂಗ್ ಕೊಡುತ್ತಿದ್ದದ್ದು ದಿನಗೂಲಿ, ಪ್ರತಿ ಕಾರಿಗೆ ಬೇರೆ ಪಾಲಿಲ್ಲ ಎಂಬುದು ಆಗಲೇ ಖಚಿತವಾಗಿತ್ತು.

"ಮತ್ತೆ ಯಾಕೆ ಮಾಡ್ದೆ?"

ಬೊಂಗ್ ತನ್ನ ಬೂಟುಗಳನ್ನು ನೋಡುತ್ತ ಮಾತಾಡಿದ. ಜೀವಮಾನವೆಲ್ಲ ಬೇರೆಯವರ ಕಾರು ತೊಳೆದವನು ಅವನು. ತೊಳೆದ ಕಾರನ್ನು ಜನ ನೋಡುತ್ತಾರೆ, ತೊಳೆದವನನ್ನು ನೋಡುವುದಿಲ್ಲ. ಮೊದಲ ಸಲ ಮುಳುಗಿದ ಕಾರೊಂದನ್ನು ಮೇಂಗ್ ತಂದು, ಇದು ಸತ್ತಿದೆ, ನಿನ್ನ ಕೈಲಾಗುವುದಿಲ್ಲ ಎಂದ. ಬೊಂಗ್ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಸಂದಿಯ ಕೆಸರು ತೆಗೆದ. ಆ ಕಾರನ್ನು ನೋಡಲು ಬಂದ ಗಂಡಹೆಂಡತಿ ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಸವರಿ ಒಂದು ಮಾತು ಹೇಳಿದರು. ಅವನು ಕಂಬದ ಹಿಂದೆ ನಿಂತು ಅದನ್ನು ಕೇಳಿಸಿಕೊಂಡ. ಅಲ್ಲಿಂದ ಮುಂದೆ ಪ್ರತಿ ಕಾರಿಗೂ ಆ ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದ.

"ಏನು ಮಾತು?"

"ಹೊಸದೇ ಅನ್ನೋ ಹಾಗಿದೆ ಅಂತ." ಬೊಂಗ್ ತಲೆಯೆತ್ತಿದ. ಅವನ ಮುಖದಲ್ಲಿ ಕುಹಕವಿರಲಿಲ್ಲ. ಅದೇ ಹೇಸಿಗೆಯಾಗುವಂತಿತ್ತು. "ನೀವೂ ಹೇಳಿದ್ರಿ ಸಾರ್. ಮನಸ್ಸಿಟ್ಟು ಹೇಳಿದ್ರಿ. ನಂಗೆ ಗೊತ್ತಾಗುತ್ತೆ."

ಕೋಣೆಯಲ್ಲಿ ಓಕ್ ಟೈಪು ಮಾಡುವ ಸದ್ದು ನಿಂತಿತು.

"ಇದನ್ನ ಹಾಕ್ಲಾ ಸಾರ್, ಬಿಡ್ಲಾ?"

ಪ್ಯೋ ಕಿಟಕಿ ತೆರೆದರು. ಬಂದರಿನಿಂದ ಗಾಳಿ ಬಂತು. ಹಡಗಿನಲ್ಲಿ ಏನಿದೆಯೋ ಅವರಿಗೆ ತಿಳಿಯಲಿಲ್ಲ.

"ಹಾಕು," ಎಂದರು. "ಮಾತು ಹೇಳಿದವರು ಯಾರು ಅನ್ನೋ ಕಡೆ ನನ್ನ ಹೆಸರು ಬರಿ."